ಬೌದ್ಧ ಅನ್ನೋದು ಧರ್ಮವೋ ತತ್ವವೋ: ನೀವೇ ಬಿಡಿಸಿ ನೋಡುವ ಬಗೆ

2011ರ ಫೆಬ್ರವರಿ. ಜನಗಣತಿಗೆ ನನಗೆ ಸಿಕ್ಕಿದ್ದು ಚಿಕ್ಕಮಗಳೂರಿನ ಆಲ್ದೂರು ಕಡೆಯ ಕಾಫಿ ಎಸ್ಟೇಟಿನ ಲೈನ್ ಮನೆಗಳು, ಅಂದರೆ ಕೂಲಿಯವರು ಇರುವ ಸಾಲು ಮನೆಗಳು. ಶಾಲೆ ಮುಗಿಸಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದೆ. ಕಣದ ತುಂಬ ರೋಬಸ್ಟಾ ಹರಡಿರುತ್ತಿತ್ತು. ಅದರ ಅಂಚಿನಲ್ಲೇ ನಡೆದು ಒಂದೊಂದೇ ಮನೆ ಹತ್ತಬೇಕು.

ಏಳನೇ ಪ್ರಶ್ನೆ ಧರ್ಮ. ಹಿಂದೂ 1, ಮುಸ್ಲಿಂ 2, ಕ್ರೈಸ್ತ 3, ಸಿಖ್ 4, ಬೌದ್ಧ 5, ಜೈನ 6. ಎಷ್ಟೋ ಮನೆಗಳಲ್ಲಿ ಕೇಳುವ ಮೊದಲೇ ಕೈ 1 ಬರೆಯಲು ಹೋಗುತ್ತಿತ್ತು. ಒಂದು ಮನೆಯಲ್ಲಿ ಯಜಮಾನರು "ಬೌದ್ಧ" ಅಂದರು. ಪೆನ್ನು ನಿಂತಿತು. ತರಬೇತಿಗೆ ಬಂದಿದ್ದ ಒಬ್ಬರು ಊಟದ ಹೊತ್ತಲ್ಲಿ ಹೇಳಿದ ಮಾತು ತಲೆಯಲ್ಲಿತ್ತು. "ಬೌದ್ಧ ಅನ್ನೋದು ಧರ್ಮ ಅಲ್ಲ, ಅದೊಂದು ಫಿಲಾಸಫಿ." ನಾನು ಅದನ್ನೇ ಆ ಮನೆಯಲ್ಲಿ ಹೇಳಿಬಿಟ್ಟೆ. "ಅದು ತತ್ವ ಅಲ್ವಾ? ಧರ್ಮ ಹಿಂದೂ ಅಂತ ಬರ್ಕೊಳ್ಳಲಾ?"

ಅವರು ಕೋಪ ಮಾಡಿಕೊಳ್ಳಲಿಲ್ಲ. ನನ್ನ ಹಾಳೆಯ ಕಡೆ ಬಗ್ಗಿ ನೋಡಿದರು. "ಟೀಚರ್, ನಿಮ್ಮ ಹಾಳೆಯಲ್ಲೇ ಐದು ಅಂತ ಇದೆಯಲ್ಲ. ಅದನ್ನ ಬರೀರಿ. ಮಿಕ್ಕಿದ್ದು ಆಮೇಲೆ ಮಾತಾಡೋಣ." ನಾನು 5 ಬರೆದೆ. ಮನೆಯವರು ಹೇಳಿದ್ದನ್ನೇ ಬರೆಯಬೇಕು ಅನ್ನುವುದು ಜನಗಣತಿಯ ಮೊದಲ ನಿಯಮ. ಅದನ್ನು ಮುರಿಯುವುದಕ್ಕೆ ಒಂದು ಗೆರೆಯಷ್ಟೇ ಬಾಕಿ ಇತ್ತು. ಆ ಸಂಜೆ ಮನೆಗೆ ಬರುವಷ್ಟರಲ್ಲಿ ಮನಸ್ಸಿಗೆ ತುಂಬಾ ಬೇಜಾರಾಗಿತ್ತು.

ಆಮೇಲೆ ಹಲವು ವರ್ಷ ಈ ಪ್ರಶ್ನೆಯ ಹಿಂದೆ ಓಡಾಡಿದೆ. ಒಂದಷ್ಟು ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋದೆ. ಚಿಕ್ಕಮಗಳೂರು, ಹಾಸನದ ಕಡೆಯವರು ಇದನ್ನು ಮನೆಯಲ್ಲೇ ಕೂತು ವಾದ ಮಾಡಬೇಕಿಲ್ಲ. ಸುತ್ತಮುತ್ತಲೇ ನೋಡುವುದಕ್ಕೆ ಬೇಕಾದಷ್ಟಿದೆ. ನಾನು ನಡೆದ ದಾರಿ ಹೇಳುತ್ತೇನೆ, ನೀವೂ ನಡೆದು ನೋಡಿ.

ಮೊದಲು ಮಾತು ಸರಿ ಮಾಡಿಕೊಳ್ಳಿ

ಅರ್ಧ ಜಗಳ ಪದದಲ್ಲೇ ಇದೆ. "ರಿಲಿಜನ್ನಾ, ಫಿಲಾಸಫಿನಾ" ಅನ್ನುವ ಪ್ರಶ್ನೆ ನಮಗೆ ಇಂಗ್ಲಿಷ್ ಓದಿನ ಜೊತೆ ಬಂದದ್ದು. ಆ ಎರಡು ಪೆಟ್ಟಿಗೆ ಮಾಡಿಟ್ಟವರು ಬೇರೆ ಊರಿನವರು. ಕನ್ನಡದಲ್ಲಿ ಕೇಳುವಾಗ ನಮ್ಮ ಪದಗಳನ್ನು ಒಮ್ಮೆ ಮುಟ್ಟಿ ನೋಡಬೇಕು.

ಒಂದು ಹಾಳೆ ತಗೊಳ್ಳಿ. ಮನೆಯಲ್ಲಿ, ಬೀದಿಯಲ್ಲಿ "ಧರ್ಮ" ಅನ್ನುವ ಪದ ಹೇಗೆ ಹೇಗೆ ಕೇಳಿದ್ದೀರೋ ಹಾಗೇ ಬರೆಯಿರಿ. ನನ್ನ ತರಗತಿಯ ಮಕ್ಕಳು ಬರೆದದ್ದು ಇದು: "ಕೈಲಾದಷ್ಟು ದಾನ ಧರ್ಮ ಮಾಡಬೇಕು." "ಸುಡೋದು ಬೆಂಕಿಯ ಧರ್ಮ." "ಅಪ್ಪ ಅಮ್ಮನ್ನ ನೋಡ್ಕೊಳ್ಳೋದು ಮಕ್ಕಳ ಧರ್ಮ." "ಧರ್ಮಕ್ಕೆ ಸಿಕ್ಕಿದ್ದು." "ಅರ್ಜಿಯಲ್ಲಿ ಧರ್ಮ: ಹಿಂದೂ." ಐದರಲ್ಲಿ ಕೊನೆಯದು ಮಾತ್ರ ಇಂಗ್ಲಿಷಿನ ರಿಲಿಜನ್. ಬುದ್ಧ ಆಡಿದ ಮಾತನ್ನು ಪಾಲಿಯಲ್ಲಿ "ಧಮ್ಮ" ಅಂತಾರೆ. ಅದು ಈ ಐದನ್ನೂ ಸ್ವಲ್ಪ ಸ್ವಲ್ಪ ಮುಟ್ಟುತ್ತದೆ. ವಸ್ತುಗಳು ಇರುವ ರೀತಿಯೂ ಧಮ್ಮ, ನಾವು ನಡೆಯಬೇಕಾದ ರೀತಿಯೂ ಧಮ್ಮ, ಬುದ್ಧನ ಬೋಧನೆಯೂ ಧಮ್ಮ.

ಹಾಳೆಯ ಇನ್ನೊಂದು ಬದಿಗೆ "ದರ್ಶನ" ಅಂತ ಬರೆಯಿರಿ. ದೇವಸ್ಥಾನದಲ್ಲಿ ದರ್ಶನ ಆಯ್ತಾ ಅಂತ ಕೇಳುತ್ತೇವೆ. ಷಡ್ದರ್ಶನ ಅಂದರೆ ಆರು ತತ್ವಶಾಸ್ತ್ರ. ಎರಡಕ್ಕೂ ಒಂದೇ ಪದ. 14ನೇ ಶತಮಾನದಲ್ಲಿ ಮಾಧವಾಚಾರ್ಯರು ಬರೆದ "ಸರ್ವದರ್ಶನ ಸಂಗ್ರಹ"ದಲ್ಲಿ ಮೊದಲು ದೇವರು, ಪರಲೋಕ ಒಪ್ಪದ ಚಾರ್ವಾಕ, ಎರಡನೆಯದು ಬೌದ್ಧ, ಮೂರನೆಯದು ಜೈನ. ಮುಂದೆ ರಾಮಾನುಜರದ್ದು, ಶೈವರದ್ದು, ನ್ಯಾಯದವರದ್ದು ಎಲ್ಲ ಬರುತ್ತದೆ. ಪೂಜೆ ಮಾಡುವವರನ್ನೂ, ದೇವರೇ ಇಲ್ಲ ಅನ್ನುವವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದಾರೆ.

ಬೆಳಗ್ಗೆ ಎಂಟರೊಳಗೆ ಬೆಟ್ಟ ಹತ್ತಿ

"ಬೌದ್ಧರಿಗೆ ಸೃಷ್ಟಿ ಮಾಡಿದ ದೇವರಿಲ್ಲ, ಹಾಗಾಗಿ ಅದು ಧರ್ಮ ಅಲ್ಲ." ಈ ವಾದ ಎಲ್ಲರ ಬಾಯಲ್ಲೂ ಇದೆ. ಇದನ್ನು ಪರೀಕ್ಷೆ ಮಾಡಲು ಹಾಸನ ಜಿಲ್ಲೆಯಷ್ಟು ಒಳ್ಳೇ ಜಾಗ ಇಲ್ಲ.

ಹಾಸನದಿಂದ ಚನ್ನರಾಯಪಟ್ಟಣ, ಅಲ್ಲಿಂದ ಶ್ರವಣಬೆಳಗೊಳ. ಚಪ್ಪಲಿ ಕೆಳಗೇ ಬಿಡಬೇಕು. ಆರುನೂರಕ್ಕೂ ಜಾಸ್ತಿ ಮೆಟ್ಟಿಲು. ಬಿಸಿಲೇರಿದರೆ ಬಂಡೆ ಕಾಯುತ್ತದೆ, ಅಂಗಾಲು ಸುಡುತ್ತದೆ, ಹಾಗಾಗಿ ಬೇಗ ಹೋಗಿ. ಮೇಲೆ 58 ಅಡಿಯ ಬಾಹುಬಲಿ. 981ರ ಹೊತ್ತಿಗೆ ಚಾವುಂಡರಾಯ ಮಾಡಿಸಿದ್ದು. ಮೈಮೇಲೆ ಬಟ್ಟೆ ಇಲ್ಲ, ಕೈಯಲ್ಲಿ ಆಯುಧ ಇಲ್ಲ, ವರ ಕೊಡುವ ಅಭಯಹಸ್ತವೂ ಇಲ್ಲ. ಕೈಗಳು ಸುಮ್ಮನೆ ಕೆಳಗೆ ಇಳಿದಿವೆ, ಬಳ್ಳಿ ತೋಳಿಗೆ ಹಬ್ಬಿದೆ.

ಅಲ್ಲಿ ನಿಂತು ಜೊತೆಯವರನ್ನು ಕೇಳಿ: ಜೈನರ ಪ್ರಕಾರ ಈ ಲೋಕವನ್ನು ಯಾರು ಸೃಷ್ಟಿ ಮಾಡಿದರು? ಯಾರೂ ಇಲ್ಲ. ಲೋಕಕ್ಕೆ ಸೃಷ್ಟಿಕರ್ತ ಇದ್ದಾನೆ ಅನ್ನುವುದನ್ನು ಜೈನರು ಒಪ್ಪುವುದಿಲ್ಲ. ಆದರೂ 2018ರಲ್ಲಿ ಮಹಾಮಸ್ತಕಾಭಿಷೇಕ ಆದಾಗ ಹಾಲು, ಅರಿಶಿನ, ಕಬ್ಬಿನ ಹಾಲು ಆ ಮೂರ್ತಿಯ ಮೇಲೆ ಸುರಿಯಿತು. ಅದನ್ನು ನೋಡಿ "ಇದು ಬರೀ ಫಿಲಾಸಫಿ" ಅಂತ ನಮ್ಮ ಕಡೆ ಯಾರಾದರೂ ಅಂದರಾ? ಜೈನ ಧರ್ಮ ಅಂತಲೇ ಎಲ್ಲರೂ ಅಂತಾರೆ. ಹಾಗಾದರೆ ಬುದ್ಧನಿಗೆ ಮಾತ್ರ ಬೇರೆ ಅಳತೆಗೋಲು ಯಾಕೆ?

ಇನ್ನೊಂದು ವಿಷಯ. ಬೌದ್ಧ ಕಥೆಗಳಲ್ಲಿ ದೇವತೆಗಳು ಇಲ್ಲ ಅಂತಲ್ಲ. ಬ್ರಹ್ಮ ಬರುತ್ತಾನೆ, ಇಂದ್ರ ಬರುತ್ತಾನೆ. ಆದರೆ ಅವರೂ ಒಂದು ದಿನ ಸಾಯುವವರು, ಮತ್ತೆ ಹುಟ್ಟುವವರು. ಬುದ್ಧನ ಹತ್ತಿರ ಬಂದು ಪ್ರಶ್ನೆ ಕೇಳುವವರು.

ಬೇಲೂರಿಗೆ ಒಂದು ಚೀಟಿ ತಗೊಂಡು ಹೋಗಿ

ಚಿಕ್ಕಮಗಳೂರಿಂದ ಬೇಲೂರು ಸುಮಾರು 25 ಕಿಲೋಮೀಟರ್. ಚೆನ್ನಕೇಶವ ದೇವಸ್ಥಾನದ ಶಾಸನದಲ್ಲಿ ಒಂದು ಶ್ಲೋಕ ಇದೆ. "ಯಂ ಶೈವಾಃ ಸಮುಪಾಸತೇ ಶಿವ ಇತಿ" ಅಂತ ಶುರುವಾಗುತ್ತದೆ. ಕನ್ನಡದಲ್ಲಿ ಹೇಳುವುದಾದರೆ: ಶೈವರು ಶಿವ ಎಂದು, ವೇದಾಂತಿಗಳು ಬ್ರಹ್ಮ ಎಂದು, ಬೌದ್ಧರು ಬುದ್ಧ ಎಂದು, ನೈಯಾಯಿಕರು ಕರ್ತ ಎಂದು, ಜೈನರು ಅರ್ಹನ್ ಎಂದು, ವೇದದ ಯಜ್ಞಕರ್ಮವೇ ಮುಖ್ಯ ಅನ್ನುವ ಮೀಮಾಂಸಕರು ಕರ್ಮ ಎಂದು ಯಾರನ್ನು ಉಪಾಸನೆ ಮಾಡುತ್ತಾರೋ ಆ ಕೇಶವ ನಿಮ್ಮ ಬಯಕೆ ಈಡೇರಿಸಲಿ.

ಇದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ದೇವಸ್ಥಾನದ ಅಂಗಳದಲ್ಲಿ ನೆರಳು ನೋಡಿ ಕೂತು, ಆ ಆರು ಹೆಸರಿಗೆ ಒಂದೊಂದು ಗುರುತು ಹಾಕಿ. ಧರ್ಮ ಯಾವುದು, ತತ್ವಶಾಸ್ತ್ರ ಯಾವುದು? ಶೈವ, ಜೈನ ಧರ್ಮ ಅಂತ ಹಾಕುತ್ತೀರಿ. ನ್ಯಾಯ ತರ್ಕಶಾಸ್ತ್ರ. ವೇದಾಂತ? ಮೀಮಾಂಸೆ? ಇಲ್ಲಿ ಕೈ ನಿಲ್ಲುತ್ತದೆ. ನನ್ನ ಜೊತೆ ಬಂದಿದ್ದ ಹತ್ತನೇ ತರಗತಿ ಹುಡುಗಿ ವೇದಾಂತಕ್ಕೆ ಎರಡೂ ಗುರುತು ಹಾಕಿದಳು. "ಹಾಗಾದ್ರೆ ಬೌದ್ಧಕ್ಕೂ ಎರಡೂ ಹಾಕ್ಲಾ?" ಅಂತ ಕೇಳಿದಳು. ಹಾಕು ಅಂದೆ. ಶ್ಲೋಕ ಬರೆದವರು ಆರು ಜನರಿಗೂ ಒಂದೇ ಕ್ರಿಯಾಪದ ಬಳಸಿದ್ದಾರೆ, "ಸಮುಪಾಸತೇ". ತರ್ಕ ಮಾಡುವವರೂ ಅವರ ಕಣ್ಣಿಗೆ ಉಪಾಸನೆ ಮಾಡುವವರೇ.

ಆದರೆ ಈ ಶ್ಲೋಕ ಕೇಳಿ ಎಲ್ಲರೂ ಒಂದೇ ಅಂತ ಖುಷಿಪಟ್ಟು ಎದ್ದು ಬರಬೇಡಿ. ನಾನೂ ಹಾಗೆ ಎದ್ದು ಬಂದವಳು, ಆಮೇಲೆ ತಪ್ಪು ಗೊತ್ತಾಯಿತು. ಇಲ್ಲಿ ಬುದ್ಧನನ್ನು ಕೇಶವನ ಒಳಗೆ ಸೇರಿಸಿಕೊಂಡಿದ್ದಾರೆ. ಸೇರಿಸಿಕೊಂಡವರಿಗೆ ಅದು ಗೌರವ. ಸೇರಿದವರನ್ನು ಕೇಳಬೇಕಲ್ವಾ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧ ದೀಕ್ಷೆ ತಗೊಂಡು, ಸೇರಿದ್ದ ಲಕ್ಷಾಂತರ ಜನರಿಗೆ 22 ಪ್ರತಿಜ್ಞೆ ಬೋಧಿಸಿದರು. ಅದರಲ್ಲಿ ಐದನೆಯದು, ಬುದ್ಧ ವಿಷ್ಣುವಿನ ಅವತಾರ ಅನ್ನುವುದನ್ನು ನಾನು ನಂಬುವುದಿಲ್ಲ ಅಂತಲೇ ಇದೆ. ಚೀಟಿಯಲ್ಲಿ ಶ್ಲೋಕದ ಕೆಳಗೆ ಈ ಪ್ರತಿಜ್ಞೆಯನ್ನೂ ಬರೆದುಕೊಳ್ಳಿ. ಎರಡನ್ನೂ ಒಟ್ಟಿಗೆ ಓದಿ.

ಎರಡು ಸುತ್ತ ಪೂರ್ತಿ ಓದಿ

ಸುತ್ತ ಅಂದರೆ ಬುದ್ಧನ ಒಂದು ಉಪದೇಶ. ಅವೆಲ್ಲ ಇರುವ ಪಾಲಿ ಗ್ರಂಥಗಳ ರಾಶಿಗೆ ತ್ರಿಪಿಟಕ ಅಂತ ಹೆಸರು. ಅದನ್ನು ಇಡೀ ಓದಲು ಆಗುವುದಿಲ್ಲ. ಎರಡು ಸಾಕು.

ಒಂದು ಮಾಲುಂಕ್ಯಪುತ್ತನದು. ತ್ರಿಪಿಟಕದಲ್ಲಿ ಮಜ್ಝಿಮ ನಿಕಾಯ ಅನ್ನುವ ಸಂಗ್ರಹದ 63ನೇ ಸುತ್ತ. ಈ ಭಿಕ್ಷು ಬುದ್ಧನ ಹತ್ತಿರ ಬಂದು ಹಟ ಹಿಡಿಯುತ್ತಾನೆ. ಲೋಕ ಶಾಶ್ವತವೋ ಅಲ್ಲವೋ, ಅದಕ್ಕೆ ಕೊನೆ ಇದೆಯೋ ಇಲ್ಲವೋ, ಜೀವ ಮತ್ತು ಶರೀರ ಒಂದೋ ಬೇರೆಯೋ, ತಥಾಗತ (ಅಂದರೆ ಬುದ್ಧನಂಥವನು) ಸತ್ತ ಮೇಲೆ ಇರುತ್ತಾನೋ ಇಲ್ಲವೋ, ಇದಕ್ಕೆಲ್ಲ ಉತ್ತರ ಹೇಳದಿದ್ದರೆ ಹೊರಟುಹೋಗುತ್ತೇನೆ ಅಂತಾನೆ. ಬುದ್ಧ ಒಂದು ಉದಾಹರಣೆ ಕೊಡುತ್ತಾನೆ. ಒಬ್ಬನಿಗೆ ವಿಷದ ಬಾಣ ತಗುಲಿದೆ. ವೈದ್ಯ ಬಂದಿದ್ದಾನೆ. ಗಾಯಗೊಂಡವನು ತಡೆಯುತ್ತಾನೆ: ಬಾಣ ಬಿಟ್ಟವನು ಕ್ಷತ್ರಿಯನೋ ಬ್ರಾಹ್ಮಣನೋ ವೈಶ್ಯನೋ ಶೂದ್ರನೋ, ಎತ್ತರವೋ ಗಿಡ್ಡವೋ, ಬಿಲ್ಲು ಯಾವುದು, ಬಾಣಕ್ಕೆ ಕಟ್ಟಿದ ಗರಿ ಯಾವ ಹಕ್ಕಿಯದು, ಇದೆಲ್ಲ ಗೊತ್ತಾಗುವವರೆಗೆ ಕೀಳಬೇಡಿ. ಗೊತ್ತಾಗುವ ಮೊದಲೇ ಅವನು ಸಾಯುತ್ತಾನೆ.

ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ದೊಡ್ಡಪ್ಪನಿಗೆ ಮೆಣಸು ಕೊಯ್ಯುವಾಗ ಹಾವು ಕಚ್ಚಿತ್ತಂತೆ. ಜೊತೆಗಿದ್ದವರೆಲ್ಲ ಅದು ನಾಗರವೋ ಮಂಡಲವೋ ಅಂತ ಹುಲ್ಲು ಸರಿಸಿ ಹುಡುಕುತ್ತಾ ನಿಂತರಂತೆ. ದೊಡ್ಡಮ್ಮ ಮಾತ್ರ ಓಡಿಹೋಗಿ ಜೀಪು ಕರೆಸಿದರಂತೆ. "ದೊಡ್ಡಮ್ಮಂದು ಬುದ್ಧನ ದಾರಿ, ಟೀಚರ್" ಅಂದ. ನಾನು ಹತ್ತು ನಿಮಿಷ ವಿವರಿಸಿದ್ದನ್ನು ಅವನು ಒಂದು ಮಾತಿನಲ್ಲಿ ಹೇಳಿ ಕೂತ.

ಈ ಸುತ್ತವನ್ನು ನಮ್ಮ ಪ್ರಶ್ನೆಯ ಪಕ್ಕ ಇಟ್ಟು ನೋಡಿ. ತತ್ವಶಾಸ್ತ್ರ ಅಂದರೆ ಲೋಕದ ಮೂಲ ಹುಡುಕುವುದು ಅನ್ನುವುದಾದರೆ, ಬುದ್ಧ ಇಲ್ಲಿ ಆ ಕೆಲಸಕ್ಕೆ ಒಲ್ಲೆ ಅಂದಿದ್ದಾನೆ. ಧರ್ಮ ಅಂದರೆ ಸತ್ತ ಮೇಲೆ ಏನು ಅಂತ ಖಾತ್ರಿ ಕೊಡುವುದು ಅನ್ನುವುದಾದರೆ, ತಥಾಗತನ ವಿಷಯದಲ್ಲಿ ಅದಕ್ಕೂ ಉತ್ತರ ಕೊಟ್ಟಿಲ್ಲ. ಕೊಟ್ಟದ್ದು ದುಃಖ, ದುಃಖದ ಕಾರಣ, ಅದು ನಿಲ್ಲುವುದು, ನಿಲ್ಲಿಸುವ ದಾರಿ. ಬಾಣ ಕೀಳುವ ಕೆಲಸ.

ಇನ್ನೊಂದು ಕಾಲಾಮರ ಸುತ್ತ, ಕಾಲಾಮರು ಅನ್ನುವ ಜನರಿಗೆ ಬುದ್ಧ ಹೇಳಿದ್ದು. ಇದರ ಅರ್ಧ ಮಾತ್ರ ವಾಟ್ಸಾಪಿನಲ್ಲಿ ಓಡಾಡುತ್ತದೆ. ಗ್ರಂಥದಲ್ಲಿದೆ ಅಂತ ನಂಬಬೇಡ, ಗುರು ಹೇಳಿದ ಅಂತ ನಂಬಬೇಡ. ಅಲ್ಲಿಗೇ ನಿಲ್ಲಿಸಿ, ನೋಡಿ ಬುದ್ಧ ಬರೀ ವಿಚಾರವಾದಿ ಅಂತಾರೆ. ಮುಂದೆ ಓದಿ. ಬರೀ ತರ್ಕಕ್ಕೆ ಸರಿ ಕಂಡಿತು ಅಂತಲೂ ಒಪ್ಪಬೇಡಿ ಅಂತ ಅದೇ ಸಾಲಿನಲ್ಲಿದೆ. ಇದು ಕೇಡು ತರುತ್ತದೆ, ತಿಳಿದವರು ಇದನ್ನು ಬಯ್ಯುತ್ತಾರೆ ಅಂತ ನಿಮಗೇ ಗೊತ್ತಾದಾಗ ಬಿಡಿ, ಒಳ್ಳೆಯದು ತರುತ್ತದೆ ಅಂತ ಗೊತ್ತಾದಾಗ ಹಿಡಿದು ನಡೆಯಿರಿ ಅಂತ ಮುಗಿಯುತ್ತದೆ. ಓದಿ ತಲೆದೂಗಿದರೆ ಸಾಲದು, ನಡೆಯಬೇಕು.

ಬೈಲುಕುಪ್ಪೆಯಲ್ಲಿ ಬೆಳಗ್ಗೆಯೂ ಇರಿ, ಸಂಜೆಯೂ ಇರಿ

ಹಾಸನದಿಂದ ಅರಕಲಗೂಡು, ಕೊಣನೂರು ದಾಟಿ ಕುಶಾಲನಗರ. ಅದರ ಪಕ್ಕದಲ್ಲೇ ಬೈಲುಕುಪ್ಪೆ. ಟಿಬೆಟ್ಟಿನಿಂದ ಬಂದವರಿಗೆ 1961ರಲ್ಲಿ ಇಲ್ಲಿ ಜಾಗ ಸಿಕ್ಕಿತು. ಬಹಳ ಜನ ಗೋಲ್ಡನ್ ಟೆಂಪಲ್ ಮುಂದೆ ಫೋಟೋ ತೆಗೆಸಿಕೊಂಡು, ಮೊಮೊ ತಿಂದು ವಾಪಸ್ ಬರುತ್ತಾರೆ. ನೀವು ಒಂದು ಇಡೀ ದಿನ ಇಟ್ಟುಕೊಂಡು ಹೋಗಿ.

ಬೆಳಗ್ಗೆ ನಾಮ್‌ಡ್ರೋಲಿಂಗ್ ಮಠ. ಚಪ್ಪಲಿ ಹೊರಗೆ. ಪ್ರಾರ್ಥನಾ ಚಕ್ರಗಳನ್ನು ಬಲಕ್ಕೇ ತಿರುಗಿಸಬೇಕು, ನಾವು ಪ್ರದಕ್ಷಿಣೆ ಹಾಕುವ ದಿಕ್ಕಿನಲ್ಲೇ. ಒಳಗೆ ಚಿನ್ನದ ಬಣ್ಣದ ಮೂರು ಎತ್ತರದ ಮೂರ್ತಿಗಳು: ನಡುವೆ ಶಾಕ್ಯಮುನಿ ಬುದ್ಧ, ಅಕ್ಕಪಕ್ಕ ಟಿಬೆಟ್ಟಿನವರು ಪೂಜಿಸುವ ಗುರು ಪದ್ಮಸಂಭವ ಮತ್ತು ದೀರ್ಘಾಯುಷ್ಯದ ಬುದ್ಧ ಅಮಿತಾಯು. ದೀಪ, ಧೂಪ, ಡೋಲು, ಉದ್ದನೆಯ ಕಹಳೆ. ನಾನು ಹೋದಾಗ ಒಬ್ಬ ವಯಸ್ಸಾದ ಅಜ್ಜಿ ಹಲಗೆಯ ಮೇಲೆ ಪೂರ್ತಿ ಮೈ ಚಾಚಿ ನಮಸ್ಕಾರ ಮಾಡುತ್ತಿದ್ದರು. ಅಂಗೈ ಹಲಗೆಗೆ ಉಜ್ಜದಿರಲಿ ಅಂತ ಕೈಗೆ ಬಟ್ಟೆ ಕಟ್ಟಿಕೊಂಡಿದ್ದರು. ಏಳುವುದು, ಕೈ ಮುಗಿಯುವುದು, ಮಲಗುವುದು, ಮತ್ತೆ ಏಳುವುದು. ಹಲಗೆಯಲ್ಲಿ ಅಂಗೈ ಜಾರುವ ಜಾಗ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು. ಆ ಹೊಳಪು ನೋಡಿದ ಮೇಲೆ "ಇದು ಧರ್ಮ ಅಲ್ಲ" ಅನ್ನಲು ನನಗೆ ಬಾಯಿ ಬರಲಿಲ್ಲ.

ಮಧ್ಯಾಹ್ನದ ಮೇಲೆ ಆಟೋ ಹಿಡಿದು ಸೆರಾ ಮಠಕ್ಕೆ ಹೋಗಿ. ಅಲ್ಲಿ ವಾದದ ಅಂಗಳ ಇದೆ. ಭಿಕ್ಷುಗಳು ಇಬ್ಬಿಬ್ಬರಾಗಿ ಸೇರುತ್ತಾರೆ. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಮುಗಿಯುತ್ತಲೇ ಒಂದು ಕಾಲು ನೆಲಕ್ಕೆ ಬಡಿದು, ಎರಡು ಅಂಗೈ ಪಟ್ ಅಂತ ಹೊಡೆಯುತ್ತಾನೆ. ಕೂತವನು ತಕ್ಷಣ ಉತ್ತರ ಕೊಡಬೇಕು. ತಡವರಿಸಿದರೆ ಮತ್ತೆ ಪ್ರಶ್ನೆ, ಮತ್ತೆ ಪಟ್. ಅಂಗಳ ತುಂಬ ಅದೇ ಸದ್ದು. ಇವರು ಓದುವುದು ನಾಗಾರ್ಜುನ, ಧರ್ಮಕೀರ್ತಿ ಇಂಥ ಹಳೆಯ ಬೌದ್ಧ ತತ್ವಜ್ಞಾನಿಗಳನ್ನು. ಯಾವುದೂ ತನ್ನಷ್ಟಕ್ಕೆ ತಾನೇ ನಿಂತಿಲ್ಲ, ಎಲ್ಲವೂ ಇನ್ನೊಂದನ್ನು ಆತು ನಿಂತಿದೆ ಅನ್ನುವುದನ್ನು ಸಾಲು ಸಾಲಾಗಿ ಸಾಧಿಸಬೇಕು. ಯಾವ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗಕ್ಕೂ ಇದು ಕಡಿಮೆ ಇಲ್ಲ.

ಅಲ್ಲಿಯ ಚಹಾದ ಅಂಗಡಿಯಲ್ಲಿ ಕನ್ನಡ ಚೆನ್ನಾಗಿ ಆಡುವ ಒಬ್ಬ ಎಳೆಯ ಭಿಕ್ಷು ಸಿಕ್ಕಿದರು. ಧರ್ಮವೋ ತತ್ವವೋ ಅಂತ ಕೇಳಿದೆ. ಅವರಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. "ಬೆಳಗ್ಗೆ ಪ್ರಾರ್ಥನೆಗೆ ಕೂರೋದು ನಾನೇ, ಸಂಜೆ ವಾದ ಮಾಡೋದೂ ನಾನೇ" ಅಂದರು.

ಒಂದು ಮನೆಗೆ ಹೋಗಿ

ಇದು ಎಲ್ಲಕ್ಕಿಂತ ಮುಖ್ಯ. ಮಠ ನೋಡಿ, ಪುಸ್ತಕ ಓದಿ, ಮನೆ ನೋಡದಿದ್ದರೆ ಉತ್ತರ ಅರ್ಧವೇ.

ಬುದ್ಧ ಪೂರ್ಣಿಮೆಗೆ ನಾನು ಆ ಲೈನ್ ಮನೆಗೆ ಹೋದೆ. ಬರೋದು ತಡ ಆಯ್ತು ಅಂತ ಕ್ಷಮೆ ಕೇಳಿದೆ. ಗೋಡೆಯಲ್ಲಿ ಬುದ್ಧನ ಪಟ, ಅಂಬೇಡ್ಕರ್ ಪಟ, ನಡುವೆ ಕಟ್ಟು ಹಾಕಿಸಿದ 22 ಪ್ರತಿಜ್ಞೆ. ಮೇಣದ ಬತ್ತಿ ಹಚ್ಚಿದರು. ಮನೆಯವರೆಲ್ಲ ಕೂತು ಬುದ್ಧ, ಧಮ್ಮ, ಸಂಘಕ್ಕೆ ಶರಣು ಅನ್ನುವ ತ್ರಿಶರಣ ಹೇಳಿದರು, ಆಮೇಲೆ ಪಂಚಶೀಲ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಕಾಮದಲ್ಲಿ ತಪ್ಪು ನಡೆಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಅಮಲು ಬರಿಸುವುದನ್ನು ಕುಡಿಯುವುದಿಲ್ಲ. ಪಾಲಿಯಲ್ಲಿ ಪ್ರತಿ ಸಾಲೂ "ಸಿಕ್ಖಾಪದಂ ಸಮಾದಿಯಾಮಿ" ಅಂತ ಮುಗಿಯುತ್ತದೆ. ಈ ಅಭ್ಯಾಸವನ್ನು ನಾನು ವಹಿಸಿಕೊಳ್ಳುತ್ತೇನೆ ಅಂತ ಅರ್ಥ. ಮೇಲಿನಿಂದ ಯಾರೂ ಅಪ್ಪಣೆ ಮಾಡಿಲ್ಲ. ತಾನೇ ತಗೊಂಡದ್ದು.

ಆಮೇಲೆ ಮನೆಯಾಕೆ ಪಾಯಸ ಕೊಟ್ಟರು. ಹತ್ತಿರ ಕೂತು, ಮೆಲ್ಲಗೆ ಹೇಳಿದರು: "ಐದನೇದು ಹಿಡಿದ ಮೇಲೆ ಸಂಬಳ ಮನೆಗೆ ಬರ್ತಿದೆ, ಟೀಚರ್." ಲೈನ್ ಮನೆಗಳ ಶನಿವಾರ ಸಂಜೆ ಗೊತ್ತಿದ್ದವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

ನಮ್ಮ ಕಾನೂನು ಇದನ್ನು ಹೇಗೆ ನೋಡಿದೆ ಅಂತಲೂ ಸ್ವಲ್ಪ ತಿಳಿದಿರಿ. ಹಿಂದೂ ವಿವಾಹ ಕಾಯ್ದೆ 1955 ಬೌದ್ಧರಿಗೂ ಅನ್ವಯಿಸುತ್ತದೆ. ಅದೇ ಬೌದ್ಧರನ್ನು ಕೇಂದ್ರ ಸರ್ಕಾರ 1993ರಲ್ಲಿ ಅಲ್ಪಸಂಖ್ಯಾತ ಧರ್ಮದವರು ಅಂತ ಪ್ರಕಟಿಸಿತು. ಪರಿಶಿಷ್ಟ ಜಾತಿಯಿಂದ ಬೌದ್ಧರಾದವರಿಗೆ ಕೇಂದ್ರದ ಪರಿಶಿಷ್ಟ ಜಾತಿ ಆದೇಶದಲ್ಲಿ ಜಾಗ ಸಿಕ್ಕಿದ್ದು 1990ರಲ್ಲಿ. 1956ರಿಂದ ಲೆಕ್ಕ ಹಾಕಿ. ಮೂವತ್ತಕ್ಕೂ ಜಾಸ್ತಿ ವರ್ಷ, ಸಿಗಬೇಕಾದ ಸೌಲಭ್ಯ ಹೋದರೂ ಪರವಾಗಿಲ್ಲ ಅಂತ "ಬೌದ್ಧ" ಅಂತಲೇ ಬರೆಸಿದವರಿದ್ದಾರೆ. ಒಂದು ವಿಚಾರವನ್ನು ಮೆಚ್ಚಿಕೊಂಡಿದ್ದಕ್ಕೆ ಯಾರೂ ಅಷ್ಟು ಬೆಲೆ ಕೊಡುವುದಿಲ್ಲ.

ಉತ್ತರ ಹೇಳುವಾಗ

ಇಷ್ಟು ಆದ ಮೇಲೆ ನಿಮ್ಮ ಉತ್ತರ ನೀವೇ ಬರೆಯಿರಿ. ನನ್ನದು ಇದು. ಬೌದ್ಧ ಒಂದು ಧರ್ಮ. ಅದರ ಹೊಟ್ಟೆಯೊಳಗೆ ಬಹಳ ಗಟ್ಟಿಯಾದ ತತ್ವಶಾಸ್ತ್ರ ಇದೆ, ಆದರೆ ಆ ತತ್ವ ಇರುವುದು ನಡೆಯುವುದಕ್ಕೆ. "ಬರೀ ತತ್ವ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಾಗೆ ಅಂದಾಗ ಅಜ್ಜಿಯ ಹಲಗೆ ಬಿಟ್ಟುಹೋಗುತ್ತದೆ, ಆ ಮನೆಯ ಐದನೇ ಶೀಲ ಬಿಟ್ಟುಹೋಗುತ್ತದೆ.

ಪರೀಕ್ಷೆಗೆ ಬರೆಯುವ ಮಕ್ಕಳು ಧರ್ಮ ಅಂತ ಬರೆದು, ಸೃಷ್ಟಿಕರ್ತ ಇಲ್ಲ ಅನ್ನುವುದನ್ನೂ ನಾಲ್ಕು ಸತ್ಯ, ಅಷ್ಟಾಂಗ ಮಾರ್ಗವನ್ನೂ ಸೇರಿಸಿ. ಧ್ಯಾನ ಮಾತ್ರ ಕಲಿಯಬೇಕು ಅನ್ನುವ ಸ್ನೇಹಿತರಿಗೆ ಧಾರಾಳವಾಗಿ ಕಲಿಯಿರಿ ಅನ್ನಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಅವರು ತಗೊಂಡ ತುಂಡೇ ಇಡೀ ರೊಟ್ಟಿ ಅಂದರೆ ಬೈಲುಕುಪ್ಪೆಗೆ ಕರೆದುಕೊಂಡು ಹೋಗಿ.

ಜನಗಣತಿಗೆ ಹೋಗುವ ಮೇಷ್ಟ್ರು, ಟೀಚರುಗಳಿಗೆ ಒಂದು ಮಾತು. ಧರ್ಮದ ಪ್ರಶ್ನೆ ಬಂದಾಗ ಸ್ಪಷ್ಟವಾಗಿ ಓದಿ ಹೇಳಿ. ಪೆನ್ನಿನ ತುದಿ ಹಾಳೆಯಿಂದ ಮೇಲೆ ಇರಲಿ. ಮನೆಯವರು ಹೇಳಿ ಮುಗಿಸಲಿ, ಆಮೇಲೆ ಬರೆಯಿರಿ. ಪಾಯಸಕ್ಕೆ ಕರೆದರೆ ಹೋಗಿ ಬನ್ನಿ.